ಅಡಿಪಟ್ಟಿಯ ಬಲಗಣ್ಣು

ಹೊಸ ಫ್ಯಾನು ಕೊಂಡು ತಂದವರು ಡಬ್ಬಿ ಬಿಚ್ಚಿದ ಮೇಲೆ ಮೊದಲು ಬಿಸಾಕುವುದು ಒಳಗಿರುವ ಮಡಚಿದ ಕಾಗದವನ್ನು. ಅದರಲ್ಲಿ ಫ್ಯಾನಿನ ಒಂದೊಂದು ಭಾಗವೂ ಕಳಚಿಕೊಂಡು ಗಾಳಿಯಲ್ಲಿ ತೇಲುತ್ತಿರುವ ಹಾಗೆ ಒಂದು ಚಿತ್ರವಿರುತ್ತದೆ. ಯಾವ ಸ್ಕ್ರೂ ಯಾವ ತೂತಿಗೆ ಹೋಗಬೇಕು ಎಂದು ಚುಕ್ಕಿಗೆರೆಗಳು ತೋರಿಸುತ್ತವೆ. ಮೂವತ್ತೊಂದು ವರ್ಷ ಒಂದು ಕಾರ್ಖಾನೆಯ ಚಿತ್ರವಿಭಾಗದಲ್ಲಿ ಅಂಥ ಚಿತ್ರಗಳನ್ನೇ ಬರೆದವರೊಬ್ಬರಿದ್ದಾರೆ. ಫ್ಯಾನು, ಹೊಲಿಗೆ ಯಂತ್ರ, ನೀರಿನ ಪಂಪು, ತಕ್ಕಡಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ. ಆ ಕುರ್ಚಿಗೆ ನೂರಾ ನಲವತ್ತಾರು ಭಾಗಗಳಿದ್ದವು. ಒಂದನ್ನೂ ಬಿಡದೆ ಬರೆದು ನಂಬರು ಹಾಕಿದ್ದರು. ಅದನ್ನು ಯಾರಾದರೂ ನೋಡಿದರೋ ಇಲ್ಲವೋ ಅವರಿಗೆ ಗೊತ್ತಾಗಲಿಲ್ಲ.

ಕಾರ್ಖಾನೆಗೆ ಕಂಪ್ಯೂಟರ್ ಬಂದು, ಚಿತ್ರವಿಭಾಗದ ಬಾಗಿಲು ಮುಚ್ಚಿದಾಗ ಅವರಿಗೆ ಐವತ್ತೈದು. ವಿಧವೆ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಮದುವೆ ಆಗಿರಲಿಲ್ಲ. ಯಾಕೆ ಅಂತ ಕೇಳಿದವರಿಗೆ ಅಕ್ಕ, "ಹುಡುಗಿ ನೋಡೋಕೆ ಹೋದಾಗ ಅವರ ಮನೆ ಕಿಟಕಿ ಸೊಟ್ಟಗಿದೆ ಅಂತ ಹೇಳಿ ಬಂದ. ಇನ್ನೆಲ್ಲಿ ಮದುವೆ," ಎನ್ನುತ್ತಿದ್ದಳು. ಅರ್ಧ ತಮಾಷೆ, ಅರ್ಧ ನಿಜ.

ಅಕ್ಕ ಮನೆಯಲ್ಲೇ ಬಟ್ಟೆ ರಿಪೇರಿ ಮಾಡುತ್ತಾಳೆ. ಪ್ಯಾಂಟು ಗಿಡ್ಡ ಮಾಡುವುದು, ರವಿಕೆ ಬಿಡಿಸುವುದು, ಹರಿದ ಜಿಪ್ ಬದಲಿಸುವುದು. ಅವಳ ಕಣ್ಣು ಹತ್ತಿರದ್ದಕ್ಕೆ ಮಂಜಾಗಿ ಹತ್ತು ವರ್ಷವಾಯಿತು. ಹಾಗಾಗಿ ದಿನಾ ಬೆಳಿಗ್ಗೆ ತಮ್ಮನೇ ಎಂಟು ಸೂಜಿಗಳಿಗೆ ಎಂಟು ಬಣ್ಣದ ದಾರ ಪೋಣಿಸಿ ಪಿನ್ನಿನ ದಿಂಬಿಗೆ ಚುಚ್ಚಿಟ್ಟು ಆಮೇಲೆ ಚಹಾ ಕುಡಿಯುವುದು ಆ ಮನೆಯ ಪದ್ಧತಿ. ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ, ಒಂದೇ ಸಲಕ್ಕೆ ಪೋಣಿಸುತ್ತಿದ್ದರು. ಗೆರೆ ಎಳೆಯುವಾಗಲೂ ಅಷ್ಟೇ. ಎಡಗಣ್ಣು ಮುಚ್ಚಿಯೇ ಎಳೆಯುವುದು.

ಕೆಲಸ ಹೋದ ಮೇಲೆ ಮೂರು ತಿಂಗಳು ಅವರು ಮನೆಯ ಕಪಾಟುಗಳನ್ನು ಸರಿಮಾಡುತ್ತ ಅಕ್ಕನ ತಲೆ ತಿಂದರು. ಕೊನೆಗೆ ಅಕ್ಕನೇ, ರಟ್ಟು ಕಟ್ಟುವ ಬೈಂಡರ್ ಅಂಗಡಿಯ ಗೋಡೆಗೆ ಅಂಟಿಸಿದ್ದ ಚೀಟಿ ಓದಿ ಬಂದು ಹೇಳಿದಳು.

"ಭಾನುವಾರ ಅಲ್ಲಿ ಚಿತ್ರ ಬರೆಯೋರು ಸೇರ್ತಾರಂತೆ. ಹೋಗು. ನನ್ನ ಡಬ್ಬಿಗಳನ್ನ ಎತ್ತರದ ಪ್ರಕಾರ ಜೋಡಿಸೋದು ಬಿಟ್ಟು ಹೋಗು."

ಅವರು ಹೋದರು.

ಬೈಂಡರ್ ಅಂಗಡಿಯ ಮೇಲಿನ ಕೋಣೆಗೆ ಒಂದೇ ಕಿಟಕಿ. ಮೂಲೆಯಲ್ಲಿ ರಟ್ಟಿನ ಕಟ್ಟುಗಳು, ಸದಾ ಅಂಟಿನ ವಾಸನೆ. ಗೋಡೆಯಿಂದ ಗೋಡೆಗೆ ಒಂದು ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿದ್ದರು. ಗುಂಪಿನಲ್ಲಿ ಏಳೆಂಟು ಜನ. ಅಲ್ಲಿ ಎರಡು ಕಟ್ಟುಪಾಡು ಇದ್ದವು. ಮುಗಿದ ಚಿತ್ರ ತರುವ ಹಾಗಿಲ್ಲ, ಅರ್ಧ ಆಗಿರುವುದನ್ನೇ ತರಬೇಕು. ಎರಡನೆಯದು, ಚಿತ್ರವನ್ನು ಹಗ್ಗಕ್ಕೆ ಸಿಕ್ಕಿಸಿದವರು ಕಿಟಕಿಯ ಪಕ್ಕ ಹೋಗಿ ನಿಲ್ಲಬೇಕು. ಉಳಿದವರೆಲ್ಲ ಮಾತಾಡಿ ಮುಗಿಸುವ ತನಕ ತುಟಿ ಪಿಟಕ್ಕೆನ್ನಬಾರದು. ಯಾಕೆ ಹಾಗೆ ಬರೆದೆ, ಏನು ಹೇಳಲು ಹೊರಟಿದ್ದೆ ಎಂದು ವಿವರಿಸಬಾರದು. ಹೊಗಳಿದರೂ ಸರಿ, ತೆಗಳಿದರೂ ಸರಿ, ಕೇಳಿಸಿಕೊಳ್ಳಬೇಕು.

ಈ ಕಟ್ಟುಪಾಡು ಮಾಡಿದವರು ಟೀಚರ್. ನಲವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಸಣ್ಣ ಆಕಾರದ ಹೆಂಗಸು. ಮುಲಾಜು ಅನ್ನುವ ಪದಾರ್ಥ ಅವರಲ್ಲಿ ಇರಲಿಲ್ಲ. "ಚಿತ್ರ ಬಾಯಿ ಬಿಡಲಿ. ನೀವು ಬಿಟ್ಟರೆ ಅದು ಸೋಮಾರಿ ಆಗುತ್ತೆ," ಎನ್ನುತ್ತಿದ್ದರು.

ಗುಂಪಿನಲ್ಲಿ ಒಬ್ಬರು ಬಸ್ ಕಂಡಕ್ಟರ್. ಎಲ್ಲರೂ ಅವರನ್ನು ಕಂಡಕ್ಟರಮ್ಮ ಎನ್ನುತ್ತಿದ್ದರು. ಪ್ರಯಾಣಿಕರ ಕೈಗಳನ್ನು ಟಿಕೆಟ್ ಪುಸ್ತಕದ ಹಿಂಬದಿಯಲ್ಲಿ ಬರೆದು ತರುತ್ತಿದ್ದರು. ಬೈಂಡರ್ ತನ್ನ ಅಂಗಡಿಯ ಬೆಕ್ಕೊಂದನ್ನು ನಾಲ್ಕು ವರ್ಷದಿಂದ ಬರೆಯುತ್ತಿದ್ದ. ಅದು ಇನ್ನೂ ಬೆಕ್ಕಾಗಿರಲಿಲ್ಲ.

ಈ ಹೊಸಬರು ಮೊದಲ ದಿನ ತಂದದ್ದು ಎದುರಿನ ಔಷಧಿ ಅಂಗಡಿಯ ಚಿತ್ರ. ಪಟ್ಟಿ ಇಡದೆ ಕೈಯಲ್ಲೇ ಎಳೆದದ್ದು. ಬೈಂಡರ್ ನಂಬಲಿಲ್ಲ. ಕೆಳಗಿನಿಂದ ಉಕ್ಕಿನ ಅಡಿಪಟ್ಟಿ ತಂದು ಗೆರೆಗಳ ಮೇಲಿಟ್ಟು ನೋಡಿದ. ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ.

"ಇವರು ಮನುಷ್ಯರಲ್ಲಪ್ಪ, ಅಡಿಪಟ್ಟಿ," ಎಂದ.

ಹೆಸರು ಅಂಟಿತು.

ಟೀಚರ್ ಮಾತ್ರ ಬಹಳ ಹೊತ್ತು ನೋಡಿ, "ತಪ್ಪೇನಿಲ್ಲ. ಉಸಿರೂ ಇಲ್ಲ," ಎಂದರು.

ಅಡಿಪಟ್ಟಿ ಕಿಟಕಿಯ ಪಕ್ಕ ಬಾಯಿ ಮುಚ್ಚಿ ನಿಂತಿದ್ದರು. ಮನೆಗೆ ಬಂದು ಅಕ್ಕನಿಗೆ ಅದನ್ನು ಹೇಳಿದಾಗ ಅವಳು, "ಔಷಧಿ ಅಂಗಡಿ ಯಾಕೆ ಉಸಿರಾಡಬೇಕು?" ಎಂದು ಕೇಳಿದಳು. ಆದರೆ ಟೀಚರ್ ಮಾತು ಅವರ ಎದೆಯಲ್ಲಿ ಕೂತುಬಿಟ್ಟಿತು. ಮೂವತ್ತೊಂದು ವರ್ಷ ಕಾರ್ಖಾನೆಯವರು ಅವರ ಚಿತ್ರಗಳನ್ನು ತಪ್ಪು ಹುಡುಕಲು ಮಾತ್ರ ನೋಡಿದ್ದರು. ಅದರಲ್ಲಿ ಇನ್ನೇನೋ ಇರಬೇಕಿತ್ತು ಎಂದು ಹೇಳಿದ ಮೊದಲನೆಯವರು ಈ ಟೀಚರ್.

ಆರು ವರ್ಷ ಹೋಯಿತು. ಅಡಿಪಟ್ಟಿ ಒಂದು ಭಾನುವಾರವೂ ತಪ್ಪಿಸಲಿಲ್ಲ. ನಲ್ಲಿ, ಮೆಟ್ಟಿಲು, ಸೈಕಲ್ ಸ್ಟ್ಯಾಂಡು, ರೈಲ್ವೆ ಸೇತುವೆ. ಟೀಚರ್ ಬೇರೆಬೇರೆ ಮಾತಿನಲ್ಲಿ ಅದನ್ನೇ ಹೇಳಿದರು. "ಚೆನ್ನಾಗಿ ಇಸ್ತ್ರಿ ಮಾಡಿದ್ದೀರಿ" ಎಂದರು ಒಮ್ಮೆ. ಮತ್ತೊಮ್ಮೆ, "ಈ ಸೇತುವೆ ಮೇಲೆ ಯಾರೂ ಹೋಗಿಲ್ಲ, ಹೋಗೋದೂ ಇಲ್ಲ." ಅಡಿಪಟ್ಟಿ ಕೈ ಸಡಿಲ ಬಿಟ್ಟು ನೋಡಿದರು. ಎಡಗೈಯಲ್ಲಿ ಬರೆದರು. ಕಂಡಕ್ಟರಮ್ಮನ ಸಲಹೆ ಮೇರೆಗೆ ಓಡುವ ಬಸ್ಸಿನಲ್ಲಿ ಕೂತೂ ಬರೆದರು. ಅಲ್ಲೂ ಗೆರೆ ನೇರವಾಗಿಯೇ ಬಂತು. "ರಸ್ತೆಗುಂಡಿಗೂ ಜಗ್ಗದ ಕೈ ನಿಮ್ಮದು," ಎಂದು ಕಂಡಕ್ಟರಮ್ಮ ಕೈಚೆಲ್ಲಿದರು.

ಅಡಿಪಟ್ಟಿಗೆ ಅರವತ್ತೊಂದು ತುಂಬಿದ ವರ್ಷ, ಒಂದು ಭಾನುವಾರ, ಮುಚ್ಚಿದ ಅಂಗಡಿಗಳ ಸಾಲಿನ ಚಿತ್ರ ತಂದರು. ಐದು ಶಟರು, ಒಂದೊಂದಕ್ಕೂ ನಲವತ್ತು ಅಡ್ಡಪಟ್ಟಿ. ಎಂದಿನಂತೆ ಹಗ್ಗಕ್ಕೆ ಸಿಕ್ಕಿಸಿ ಕಿಟಕಿಯ ಪಕ್ಕ ಹೋಗಿ ನಿಂತರು.

ಬೈಂಡರ್ ಕುರ್ಚಿ ಬಿಟ್ಟು ಎದ್ದ. "ಏನ್ರೀ ಇದು!"

"ಸುಮ್ಮನಿರಿ," ಎಂದರು ಟೀಚರ್. ಹತ್ತಿರ ಹೋದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. "ಮೂರನೇ ಶಟರ್ ನೋಡಿ. ನಡುವೆ ಪಟ್ಟಿಗಳೆಲ್ಲ ಒಳಗೆ ಸೆಳೆದುಕೊಂಡಿವೆ. ಯಾರೋ ಒಳಗಡೆ ಉಸಿರು ಎಳೆದುಕೊಂಡ ಹಾಗೆ. ಉಳಿದ ನಾಲ್ಕು ನೇರವಾಗಿರೋದಕ್ಕೇ ಇದು ಹೀಗೆ ಕಾಣೋದು." ಆಮೇಲೆ ಕಿಟಕಿಯ ಕಡೆ ತಿರುಗಿದರು. "ಆರು ವರ್ಷ ಹಿಡೀತು ನೋಡಿ ನಿಮಗೆ. ಆಗಲಿ. ಇವತ್ತು ಬಂತು."

ಅಡಿಪಟ್ಟಿಗೆ ಏನೂ ಅರ್ಥವಾಗಲಿಲ್ಲ. ಅವರು ನೇರವಾಗಿಯೇ ಎಳೆದಿದ್ದರು. ಮೂರನೇ ಶಟರನ್ನೂ ನೇರವಾಗಿಯೇ ಎಳೆದಿದ್ದರು. ಮಾತು ನಾಲಿಗೆಯ ತುದಿಗೆ ಬಂತು, ಕಟ್ಟುಪಾಡು ನೆನಪಾಗಿ ನುಂಗಿಕೊಂಡರು. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ, "ಅಡಿಪಟ್ಟಿಯವರೇ, ಈಗ ನಿಮ್ಮ ಸರದಿ," ಎಂದು ಟೀಚರ್ ಹೇಳಿದಾಗ ಅವರ ಬಾಯಿಂದ ಬಂದದ್ದು ಒಂದೇ ಮಾತು.

"ಥ್ಯಾಂಕ್ಸ್."

ಮನೆಗೆ ಬಂದು ಕಿಟಕಿಯ ಬೆಳಕಿನಲ್ಲಿ ಕಾಗದ ಹರಡಿ ಉಕ್ಕಿನ ಪಟ್ಟಿಯನ್ನು ಮೂರನೇ ಶಟರಿನ ಮೇಲಿಟ್ಟರು. ಎಡಗಣ್ಣು ಮುಚ್ಚಿದರು. ಪಟ್ಟಿಯೂ ಗೆರೆಯೂ ಒಟ್ಟಿಗೆ ಹೊಂದಿಕೊಂಡಿರಲಿಲ್ಲ. ಆದರೆ ಬಾಗಿದ್ದು ಗೆರೆಯಲ್ಲ, ಪಟ್ಟಿ. ಮಧ್ಯದಲ್ಲಿ ಬಿಸಿಲಿಗಿಟ್ಟ ಮೇಣದ ಹಾಗೆ ಇಳಿದಿತ್ತು. ಬಲಗಣ್ಣು ಮುಚ್ಚಿ ಎಡಗಣ್ಣು ತೆರೆದರು. ಪಟ್ಟಿ ನೆಟ್ಟಗಾಯಿತು. ಗೆರೆ ಬಾಗಿತು. ಮೂರು ಮಿಲಿಮೀಟರ್.

ಒಂದರ ನಂತರ ಒಂದು ಕಣ್ಣು ಮುಚ್ಚಿ ತೆರೆಯುತ್ತ ಅವರು ಸುಮಾರು ಹೊತ್ತು ಕೂತರು. ಆಮೇಲೆ ಬಚ್ಚಲಿನ ಟೈಲ್ಸ್ ನೋಡಿದರು, ಬಾಗಿಲ ಚೌಕಟ್ಟು ನೋಡಿದರು, ಫೋನಿನ ಕ್ಯಾಮೆರಾದಲ್ಲಿ ಕಾಣುವ ಚೌಕಳಿ ಗೆರೆ ನೋಡಿದರು. ಬಲಗಣ್ಣಿಗೆ ಎಲ್ಲದರ ನಡುವೆಯೂ ಅದೇ ತಗ್ಗು.

ಯಂತ್ರದಲ್ಲಿ ಎಲ್ಲಿ ಕೆಟ್ಟಿದೆ ಎಂದು ಚಿತ್ರ ನೋಡಿ ಹೇಳಬಲ್ಲವರಿಗೆ ಇದು ತಿಳಿಯದೆ ಹೋಗುವುದಿಲ್ಲ. ಕಣ್ಣು ಕೆಟ್ಟಿದೆ ಎಂದು ಆ ಭಾನುವಾರ ಮಧ್ಯಾಹ್ನವೇ ಅವರಿಗೆ ಗೊತ್ತಾಯಿತು. ಕಣ್ಣಿನ ಆಸ್ಪತ್ರೆ ಮನೆಯಿಂದ ಬಸ್ಸಿನಲ್ಲಿ ನಾಲ್ಕನೇ ನಿಲ್ದಾಣ. ಸೋಮವಾರ ಹೋಗೋಣ ಎಂದುಕೊಂಡರು.

ಸೋಮವಾರ ಬೆಳಿಗ್ಗೆ ಗುಂಪಿನವರ ವಾಟ್ಸಾಪಿಗೆ ಟೀಚರ್ ಆ ಶಟರಿನ ಫೋಟೋ ಹಾಕಿದ್ದರು. ಕೆಳಗೆ ಬರೆದಿದ್ದರು: "ಇದನ್ನು ಮುಗಿಸಬೇಡಿ, ಹೀಗೇ ಬಿಡಿ. ಮುಂದಿನ ವಾರ ಏನು ತರುತ್ತೀರೋ ಎಂದು ಕಾಯುತ್ತಿದ್ದೇನೆ." ಆರು ವರ್ಷದಲ್ಲಿ ಟೀಚರ್ ಯಾರ ಚಿತ್ರಕ್ಕೂ ಕಾಯುತ್ತೇನೆ ಎಂದದ್ದಿಲ್ಲ. ಅಡಿಪಟ್ಟಿ ಅದನ್ನು ನಾಲ್ಕೈದು ಸಲ ಓದಿದರು. ಆಸ್ಪತ್ರೆಗೆ ಹೋಗಲಿಲ್ಲ. ಪೆನ್ಸಿಲ್ ಚೂಪು ಮಾಡಿಕೊಂಡು ಶಾಲೆಯ ಕಬ್ಬಿಣದ ಬೇಲಿಯ ಮುಂದೆ ಹೋಗಿ ಕೂತರು. ಎಡಗಣ್ಣು ಮುಚ್ಚಿಕೊಂಡರು. ಈ ಸಲ ಅಭ್ಯಾಸಬಲದಿಂದ ಮುಚ್ಚಿದ್ದಲ್ಲ, ಬೇಕೆಂದೇ ಮುಚ್ಚಿದ್ದು.

ಡಾಕ್ಟರು ಕಣ್ಣು ಸರಿಮಾಡಿಬಿಟ್ಟರೆ ಗೆರೆ ಮತ್ತೆ ನೇರವಾಗುತ್ತದೆ. ಆ ದಿನಗಳಲ್ಲಿ ಅವರ ಲೆಕ್ಕಾಚಾರ ಇಷ್ಟೇ ಇತ್ತು. ಇನ್ನೆರಡು ಚಿತ್ರ ಆಗಲಿ, ಆಮೇಲೆ ಹೋದರಾಯಿತು. ಎರಡಾಯಿತು, ನಾಲ್ಕಾಯಿತು. ತಗ್ಗು ವಾರವಾರವೂ ಬೇರೆ ಆಕಾರ ತಾಳುತ್ತಿತ್ತು. ಒಮ್ಮೆ ಸುಳಿಯ ಹಾಗೆ, ಒಮ್ಮೆ ಬಟ್ಟೆಯ ಸುಕ್ಕಿನ ಹಾಗೆ. ಅವರು ಅದನ್ನು ಕಂಡಷ್ಟೇ ಕರಾರುವಾಕ್ಕಾಗಿ ಬರೆದರು. ಸುಳ್ಳು ಒಂದು ಗೆರೆಯಲ್ಲೂ ಇರಲಿಲ್ಲ.

ಆರನೇ ಚಿತ್ರದ ಹೊತ್ತಿಗೆ ಟೀಚರ್ ಊರಿನ ಗ್ರಂಥಾಲಯದವರ ಜೊತೆ ಮಾತಾಡಿ ಬಂದಿದ್ದರು. ಓದುವ ಕೋಣೆಯ ಉದ್ದ ಗೋಡೆ ಒಂದು ತಿಂಗಳು ಅಡಿಪಟ್ಟಿಗೆ. ಇನ್ನೂ ನಾಲ್ಕೈದು ಚಿತ್ರ ಆದರೆ ಗೋಡೆ ತುಂಬುತ್ತದೆ.

"ಇವರು ಇನ್ನು ಮೇಲೆ ಅಡಿಪಟ್ಟಿ ಅಲ್ಲ, ಬೇರೆ ಹೆಸರಿಡಬೇಕು," ಎಂದ ಬೈಂಡರ್.

"ರಬ್ಬರ್," ಎಂದರು ಕಂಡಕ್ಟರಮ್ಮ.

ಎಲ್ಲರೂ ನಕ್ಕರು. ಅಡಿಪಟ್ಟಿಯೂ ನಕ್ಕರು. ಕೆಳಗಿಳಿದು ಬರುವಾಗ ಅವರ ನಡಿಗೆಯಲ್ಲೇ ಏನೋ ಬದಲಾಗಿತ್ತು ಎಂದು ಬೈಂಡರ್ ಈಗಲೂ ಹೇಳುತ್ತಾನೆ. ಬೆನ್ನು ನೆಟ್ಟಗೆ ಮಾಡಿಕೊಂಡು, ದಾರಿಯಲ್ಲಿ ಕಂಡವರಿಗೆಲ್ಲ ತಾವೇ ಮೊದಲು ತಲೆಯಾಡಿಸಿ ಹೋಗುತ್ತಿದ್ದರಂತೆ.

ಮನೆಯಲ್ಲಿ ಅಕ್ಕನಿಗೆ ಅನುಮಾನ ಬಂದಿತ್ತು. ಒಂದು ಬೆಳಿಗ್ಗೆ ಎಂಟು ಸೂಜಿಯಲ್ಲಿ ಎರಡಕ್ಕೆ ದಾರ ಕಣ್ಣಿನೊಳಗೆ ಹೋಗಿರಲಿಲ್ಲ, ಪಕ್ಕದಲ್ಲಿ ಸುತ್ತಿಕೊಂಡಿತ್ತು. ಅವಳು ಏನೂ ಹೇಳದೆ ಬಿಚ್ಚಿ, ಪಕ್ಕದ ಮನೆಯವಳ ಹತ್ತಿರ ಪೋಣಿಸಿಕೊಂಡು ಬಂದಳು. ಮರುವಾರ ನಾಲ್ಕು.

"ನಿದ್ದೆ ಸರಿ ಆಗ್ತಿಲ್ವಾ?" ಎಂದು ಕೇಳಿದಳು.

"ಆಗ್ತಿದೆ."

"ಮತ್ತೆ ದಾರ ಯಾಕೆ ಹೀಗೆ?"

"ಸೂಜಿ ಕೆಟ್ಟದ್ದು ತಂದಿದ್ದೀಯ. ತೂತು ಸಣ್ಣದು."

"ಸೂಜಿ ಅದೇ. ಅಂಗಡಿ ಅದೇ."

ಅವರು ಚಹಾದ ಲೋಟ ಹಿಡಿದು ಹೊರಗೆ ಹೋದರು. ತಮ್ಮನ ಮುಖದಲ್ಲಿ ಹಿಂದೆಂದೂ ಕಾಣದ ಕಳೆ ಇತ್ತು. ಅದನ್ನು ಕೆದಕಲು ಅವಳಿಗೆ ಮನಸ್ಸಾಗಲಿಲ್ಲ. ಆ ವಾರಗಳಲ್ಲಿ ತಾನು ಬಾಯಿ ಬಿಡಬೇಕಿತ್ತು ಎಂದು ಆಕೆ ಆಮೇಲೆ ಹಲವರ ಹತ್ತಿರ ಹೇಳಿಕೊಂಡಿದ್ದಾಳೆ.

ಹನ್ನೊಂದನೇ ಭಾನುವಾರ ಅವರು ತಂದದ್ದು ಬಸ್ ನಿಲ್ದಾಣದ ಚಿತ್ರ. ಛಾವಣಿ, ಕಂಬಗಳು, ಬೆಂಚು, ಬೆಂಚಿನ ಮೇಲೆ ಚೀಲ ಹಿಡಿದು ಕೂತ ಮನುಷ್ಯ. ಆ ಮನುಷ್ಯನಿಗೆ ತಲೆ ಇರಲಿಲ್ಲ. ತಲೆ ಇರಬೇಕಾದ ಕಡೆ, ಹಿಂದಿನ ಗೋಡೆ ಇರಬೇಕಾದ ಕಡೆ, ಖಾಲಿ ಕಾಗದ. ಖಾಲಿಯ ಸುತ್ತ ಗೆರೆಗಳು ಬಾಗಿ ಬಂದು ನಿಂತುಬಿಟ್ಟಿದ್ದವು.

ಟೀಚರ್ ಮೆಲ್ಲಗೆ, "ಕಂಡದ್ದನ್ನು ಬಿಡೋ ಧೈರ್ಯ ಇದು. ಎಲ್ಲರಿಗೂ ಬರೋದಿಲ್ಲ," ಎಂದರು. ಬೈಂಡರ್ ತಲೆಯಾಡಿಸಿದ. ಎಲ್ಲರೂ ಸರದಿಯಂತೆ ಮಾತಾಡಿದರು. ಕಂಡಕ್ಟರಮ್ಮನ ಸರದಿ ಬಂದಾಗ ಅವರು ಸುಮ್ಮನೆ ಕೂತಿದ್ದರು.

"ನೀವು ಏನೂ ಹೇಳಲಿಲ್ಲ," ಎಂದರು ಟೀಚರ್.

"ಇವರು ಸ್ಕ್ರೂ ಬಿಡೋರಲ್ಲ. ತಲೆ ಹೇಗೆ ಬಿಟ್ಟರು ಅಂತ ಯೋಚಿಸ್ತಿದ್ದೀನಿ."

ಕೆಳಗೆ, ಬೀದಿಯಲ್ಲಿ, ಕಂಡಕ್ಟರಮ್ಮ ಅಡಿಪಟ್ಟಿಯನ್ನು ನಿಲ್ಲಿಸಿದರು. ಚೀಲದಿಂದ ಒಂದು ಹಳೆ ಟಿಕೆಟ್ ತೆಗೆದು ಮುಖದ ಮುಂದೆ ಹಿಡಿದರು.

"ಎಡಗಣ್ಣು ಮುಚ್ಚಿ. ನಂಬರ್ ಓದಿ."

"ಇದೇನು ಬಸ್ಸಾ?"

"ಓದಿ ಅಂದೆ."

ಅವರು ಎಡಗಣ್ಣು ಮುಚ್ಚಿದರು. ಟಿಕೆಟ್ಟಿನ ಅಂಚು ಕಂಡಿತು. ಹಿಡಿದ ಬೆರಳು ಕಂಡಿತು. ನಡುವೆ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಒಂದು ಬೂದು ಕಲೆ. ಮುಖ ಅತ್ತಿತ್ತ ತಿರುಗಿಸಿದರು. ಕಲೆ ಜೊತೆಗೇ ತಿರುಗಿತು.

"ನಮ್ಮ ಅತ್ತೆಗೂ ಹೀಗೇ ಆಗಿತ್ತು," ಎಂದರು ಕಂಡಕ್ಟರಮ್ಮ. "ಕಣ್ಣು ನೇರ ಇಟ್ಟರೆ ಎದುರಿಗಿದ್ದೋರ ಮುಖ ಕಾಣ್ತಿರಲಿಲ್ಲ. ಈ ಸೊಸೆ ಮುಖ ಕಾಣದೇ ಇರೋದೇ ಒಳ್ಳೇದು ಅಂತ ತಮಾಷೆ ಮಾಡ್ತಿದ್ರು, ಪಾಪ. ನಡೀರಿ, ನಿಮ್ಮ ಅಕ್ಕನ ಹತ್ತಿರ ಹೋಗೋಣ."

"ಅಕ್ಕನಿಗೆ ಯಾಕೆ?"

"ನೀವು ಆಸ್ಪತ್ರೆಗೆ ಹೋಗೋರಲ್ಲ. ಹೋಗೋರಾಗಿದ್ರೆ ಇಷ್ಟು ಹೊತ್ತಿಗೆ ಹೋಗಿರ್ತಿದ್ರಿ."

ಮರುದಿನ ಅಕ್ಕ ಅಂಗಡಿ ಬೋರ್ಡಿನ ಹಾಗೆ ಬಾಗಿಲಿಗೆ ನೇತುಹಾಕಿದ್ದ ಚೀಟಿಯನ್ನು 'ಇವತ್ತು ರಜೆ' ಎಂಬ ಕಡೆಗೆ ತಿರುಗಿಸಿ, ತಮ್ಮನನ್ನು ಕೈಹಿಡಿದು ಕರೆದುಕೊಂಡು ಹೋದಳು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಔಷಧಿ ಬಿಟ್ಟು, ಬೆಳಕು ಹಾಕಿ, ಯಂತ್ರದಲ್ಲಿ ಗಲ್ಲ ಇಡಿಸಿ ಎರಡೂ ಕಣ್ಣಿನ ಒಳಗನ್ನು ನೋಡಿದರು. ಆಮೇಲೆ ಕೇಳಿದರು.

"ಗೆರೆಗಳು ಬಾಗಿ ಕಾಣೋಕೆ ಶುರುವಾಗಿ ಎಷ್ಟು ದಿನ ಆಯ್ತು?"

"ಹನ್ನೊಂದು ವಾರ."

"ಇಷ್ಟು ಖಚಿತವಾಗಿ ಯಾರೂ ಹೇಳೋದಿಲ್ಲ. ಇತ್ತೀಚೆಗೆ ಅಂತಾರೆ."

"ಬರೆದಿಟ್ಟಿದ್ದೀನಿ," ಎಂದು ಅವರು ಫೋನು ತೆಗೆದು ಕೊಟ್ಟರು.

ಡಾಕ್ಟರು ಒಂದೊಂದೇ ಚಿತ್ರ ಸರಿಸಿ ನೋಡಿದರು. ಶಟರು, ಬೇಲಿ, ಏಣಿ, ನೆಲದ ಚೌಕಳಿ, ಬಸ್ ನಿಲ್ದಾಣ. ಕೊನೆಯಿಂದ ಮತ್ತೆ ಮೊದಲಿಗೆ ಬಂದರು. ಅವರ ಮುಖದಲ್ಲಿ ಬೆರಗು ಕಂಡು ಅಡಿಪಟ್ಟಿಗೆ ಒಂದು ಕ್ಷಣ ಹಳೆಯ ಹಿಗ್ಗೇ ಮರಳಿತು. ಆ ಬಗ್ಗೆ ಅವರಿಗೆ ಆಮೇಲೆ ಬಹಳ ನಾಚಿಕೆಯಾಯಿತು.

"ರೆಟಿನಾದ ನಡುವೆ ರಕ್ತನಾಳ ಸೋರೋದು ಯಾವ ವಾರ ಎಷ್ಟಿತ್ತು ಅಂತ ಇದರಲ್ಲಿ ಓದಬಹುದು. ನಮ್ಮ ವಿದ್ಯಾರ್ಥಿಗಳಿಗೆ ತೋರಿಸೋಕೆ ಇದನ್ನ ಕೊಡ್ತೀರಾ?"

"ಕಣ್ಣು ಏನಾಗಿದೆ, ಅದನ್ನ ಹೇಳಮ್ಮ," ಎಂದಳು ಅಕ್ಕ.

ಡಾಕ್ಟರು ಫೋನು ಕೆಳಗಿಟ್ಟರು. ಬಲಗಣ್ಣಿನ ನಡುವೆ ಗಾಯ ಒಣಗಿ ಕಲೆ ಕಟ್ಟಿದೆ. ಸುತ್ತಲಿನದು ಕಾಣುತ್ತದೆ, ಎದುರಿನದು ಕಾಣುವುದಿಲ್ಲ. ಇನ್ನು ಅದು ಹಿಂದಕ್ಕೆ ಬರುವುದಿಲ್ಲ. ಶುರುವಿನಲ್ಲೇ ಆದರೆ ಕಣ್ಣಿಗೆ ಚುಚ್ಚುಮದ್ದು ಕೊಟ್ಟು ಸೋರಿಕೆ ನಿಲ್ಲಿಸಬಹುದು.

"ಶುರು ಅಂದ್ರೆ?" ಎಂದು ಕೇಳಿದಳು ಅಕ್ಕ.

ಡಾಕ್ಟರು ಫೋನಿನಲ್ಲಿದ್ದ ಮೊದಲ ಚಿತ್ರದ ಮೇಲೆ ಬೆರಳಿಟ್ಟರು. "ಇದು. ಎರಡನೇದು ಆಗಿದ್ರೂ ಬಹುಪಾಲು ಉಳಿಸಿಕೊಳ್ಳಬಹುದಿತ್ತು."

ಎಡಗಣ್ಣಿಗೂ ಇದು ಬರಬಹುದು, ಬರದೆಯೂ ಇರಬಹುದು. ದಿನಾ ಬೆಳಿಗ್ಗೆ ನೇರ ಗೆರೆಗಳನ್ನು ನೋಡಿ ಪರೀಕ್ಷಿಸಿಕೊಳ್ಳಬೇಕು. ಒಂದೇ ಒಂದು ಗೆರೆ ಬಾಗಿದರೂ ಆ ದಿನವೇ ಬರಬೇಕು, ಮರುದಿನವಲ್ಲ. ಡಾಕ್ಟರು ಚೌಕಳಿ ಮುದ್ರಿಸಿದ ಒಂದು ಕಾರ್ಡು ಕೊಟ್ಟರು.

ಬಸ್ಸಿನಲ್ಲಿ ಅಕ್ಕತಮ್ಮ ಪಕ್ಕಪಕ್ಕ ಕೂತರು. ಎರಡು ನಿಲ್ದಾಣ ದಾಟಿದ ಮೇಲೆ ಅಕ್ಕ ಕೇಳಿದಳು.

"ಮೊದಲ ವಾರವೇ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ಯಾಕೋ ಮತ್ತೆ?"

"ಬಂತು ಅಂದ್ರು."

"ಏನು ಬಂತು?"

ಅವರು ಕಿಟಕಿಯ ಆಚೆ ನೋಡಿದರು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಇಳಿಯುವ ನಿಲ್ದಾಣ ಬಂದಾಗ, "ಏಳು," ಎಂದಷ್ಟೇ ಹೇಳಿ ಅವರ ಬಲಗಡೆಗೆ ಬಂದು ನಡೆದಳು. ಅಂದಿನಿಂದ ಬೀದಿಯಲ್ಲಿ ಅವಳು ಯಾವಾಗಲೂ ಅವರ ಬಲಗಡೆಗೇ ನಡೆಯುತ್ತಾಳೆ.

ಗ್ರಂಥಾಲಯದ ಗೋಡೆಗೆ ಹನ್ನೊಂದು ಚಿತ್ರಗಳನ್ನು ಹಾಕುವ ದಿನ ನಿಗದಿಯಾಗಿತ್ತು. ಅಡಿಪಟ್ಟಿ ಯಾರಿಗೂ ಏನೂ ಹೇಳಿರಲಿಲ್ಲ. ತಾವಾಗಿ ಹೇಳುವ ತನಕ ಬಾಯಿ ಬಿಡಬೇಡಿ ಎಂದು ಕಂಡಕ್ಟರಮ್ಮನ ಬಾಯಿಗೂ ಬೀಗ ಹಾಕಿಸಿದ್ದರು. ಬೈಂಡರ್ ಒಂದೊಂದಕ್ಕೂ ಬೂದುಬಣ್ಣದ ರಟ್ಟಿನ ಚೌಕಟ್ಟು ಮಾಡಿ ತಂದಿದ್ದ. ಕೆಲಸ ಮುಗಿದು, ಅವನು ಏಣಿ ಹೊತ್ತುಕೊಂಡು ಹೋದ ಮೇಲೆ, ಉದ್ದನೆಯ ಕೋಣೆಯಲ್ಲಿ ಟೀಚರ್ ಮತ್ತು ಅಡಿಪಟ್ಟಿ ಇಬ್ಬರೇ ಉಳಿದರು. ಟೀಚರ್ ಒಂದೊಂದು ಚಿತ್ರದ ಮುಂದೆಯೂ ನಿಂತು ಬರುತ್ತಿದ್ದರು.

"ಹನ್ನೆರಡನೇದು ಎಲ್ಲಿ? ಈ ವಾರ ಏನೂ ತರಲಿಲ್ಲ."

"ಹನ್ನೆರಡನೇದು ಇಲ್ಲ, ಟೀಚರ್."

"ಯಾಕೆ? ಹೆದರಿಕೆ ಆಯ್ತಾ? ಎಲ್ಲರಿಗೂ ಆಗುತ್ತೆ. ಕೈ ಒಂದು ಸಲ ಸಡಿಲ ಬಿಟ್ಟ ಮೇಲೆ..."

"ಕೈ ಬಿಟ್ಟಿದ್ದಲ್ಲ," ಎಂದರು ಅಡಿಪಟ್ಟಿ. "ಕಣ್ಣು."

ಅವರು ಎಲ್ಲವನ್ನೂ ಹೇಳಿದರು. ಯಂತ್ರ ಹೇಗೆ ಬಿಚ್ಚಬೇಕು ಎಂದು ಹೇಳುವಷ್ಟೇ ಕ್ರಮವಾಗಿ, ಒಂದಾದ ಮೇಲೆ ಒಂದು. ಉಕ್ಕಿನ ಪಟ್ಟಿ ಬಾಗಿದ್ದು, ಸೋಮವಾರ ಹೋಗದೇ ಇದ್ದದ್ದು, ಎಡಗಣ್ಣು ಬೇಕೆಂದೇ ಮುಚ್ಚಿದ್ದು, ಡಾಕ್ಟರ ಬೆರಳು ಮೊದಲ ಚಿತ್ರದ ಮೇಲೆ ಕೂತದ್ದು. ಟೀಚರ್ ಓದುವ ಮೇಜಿನ ಅಂಚು ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು.

"ಶಟರ್ ತಂದ ದಿನ ನಾನೇ ಅಲ್ವಾ ಅಂದಿದ್ದು, ಬಂತು ಅಂತ."

"ಹೌದು."

"ಆಗಲೇ ಯಾಕೆ ಹೇಳಲಿಲ್ಲ?"

"ಮಾತಾಡೋ ಹಾಗಿರಲಿಲ್ಲವಲ್ಲ," ಎಂದು ಅವರು ನಗಲು ನೋಡಿದರು. ಟೀಚರ್ ನಗಲಿಲ್ಲ. "ಅಲ್ಲ, ಆವಾಗ ನನಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೇಳೋಕೆ ಮನಸ್ಸಾಗಲಿಲ್ಲ. ನಿಮ್ಮ ತಪ್ಪಿಲ್ಲ ಇದರಲ್ಲಿ. ತಪ್ಪು ಹುಡುಕೋಕೆ ನಾನು ಬಂದಿಲ್ಲ."

"ಮತ್ತೆ?"

"ಒಂದು ಮಾತು ಕೇಳಬೇಕು." ಅಡಿಪಟ್ಟಿ ಗೋಡೆಯ ಕಡೆ ತಿರುಗಿದರು. ಒಂದು ಕಣ್ಣಿಗೆ ಹನ್ನೊಂದೂ ಚಿತ್ರ ಸ್ಪಷ್ಟವಾಗಿ ಕಾಣುತ್ತಿದ್ದವು. "ಈಗ ಗೊತ್ತಾಯ್ತಲ್ಲ ಇದು ಹೇಗಾಯ್ತು ಅಂತ. ಈಗ ನೋಡಿ ಹೇಳಿ. ಇದರಲ್ಲಿ ಏನಾದರೂ ಇದೆಯಾ, ಇಲ್ಲ ಬರೀ ರೋಗವಾ?"

ಟೀಚರ್ ಎದ್ದು ಗೋಡೆಯ ಹತ್ತಿರ ಹೋದರು. ಶಟರಿನ ಮುಂದೆ ನಿಂತರು, ಕನ್ನಡಕ ತೆಗೆದರು, ಹಾಕಿಕೊಂಡರು. ಬೇಲಿಯ ಮುಂದೆ ನಿಂತರು. ಹೊರಗೆ ಯಾರೋ ಸೈಕಲ್ ನಿಲ್ಲಿಸಿ ಬೀಗ ಹಾಕಿದ ಸದ್ದಾಯಿತು. ಅವರು ಹನ್ನೊಂದನೇ ಚಿತ್ರದ ತನಕ ಹೋಗಿ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು.

"ಚೆನ್ನಾಗಿವೆ," ಎಂದರು. "ತುಂಬ ಚೆನ್ನಾಗಿವೆ, ಅಡಿಪಟ್ಟಿಯವರೇ."

ಆ ದನಿ ಮೆತ್ತಗಿತ್ತು. ಕಾಯಿಲೆಯವರ ಹಾಸಿಗೆಯ ಪಕ್ಕ ಕೂತು, ಇವತ್ತು ಮುಖ ಗೆಲುವಾಗಿದೆ ಎನ್ನುವವರ ದನಿ. ಆರು ವರ್ಷ, ಏನೇ ತಂದಿಟ್ಟರೂ ತಪ್ಪೇನಿಲ್ಲ ಉಸಿರೂ ಇಲ್ಲ ಎಂದ ಬಾಯಿಂದ ಅಂಥ ದನಿ ಅವರು ಕೇಳಿರಲಿಲ್ಲ. ಟೀಚರ್ ನಿಜವನ್ನೇ ಹೇಳಿರಬಹುದು. ಮರುಕದಿಂದ ಹೇಳಿರಲೂಬಹುದು. ಬಹುಶಃ ಟೀಚರಿಗೂ ಅದು ಗೊತ್ತಿರಲಿಲ್ಲ. ಇನ್ನು ಮೇಲೆ ತಮಗೆ ಗೊತ್ತಾಗುವುದಿಲ್ಲ ಎಂಬುದು ಮಾತ್ರ ಅಡಿಪಟ್ಟಿಗೆ ಅಲ್ಲೇ, ಆ ಉದ್ದನೆಯ ಕೋಣೆಯಲ್ಲೇ, ತಿಳಿಯಿತು. ಅವರು ಕೈಮುಗಿದು, ಚೀಲ ಹೆಗಲಿಗೆ ಹಾಕಿಕೊಂಡು ಹೊರಟರು.

ಆಮೇಲೆ ಒಂದೆರಡು ಭಾನುವಾರ ಬೈಂಡರ್ ಅಂಗಡಿಗೆ ಹೋದರು. ಎಡಗಣ್ಣಿನಲ್ಲಿ ಬರೆದ ಒಂದು ಕುರ್ಚಿಯನ್ನು ಹಗ್ಗಕ್ಕೆ ಸಿಕ್ಕಿಸಿದರು. ಬೈಂಡರ್ ಸೊಗಸಾಗಿದೆ ಎಂದ. ಇನ್ನೊಬ್ಬರು ಬೆಳಕು ಚೆನ್ನಾಗಿದೆ ಎಂದರು. ಕಂಡಕ್ಟರಮ್ಮ ನೆಲ ನೋಡುತ್ತ ಕೂತಿದ್ದರು. ಟೀಚರ್, "ಹೂಂ, ಚೆನ್ನಾಗಿದೆ," ಎಂದು ಬೇಗ ಮುಂದಿನ ಚಿತ್ರಕ್ಕೆ ಹೋದರು. ಆ ಕುರ್ಚಿಯ ಹಿಂದಿನ ಕಾಲು ಗಿಡ್ಡವಾಗಿತ್ತು. ಅಡಿಪಟ್ಟಿ ಬೇಕೆಂದೇ ಗಿಡ್ಡ ಬರೆದಿದ್ದರು. ಯಾರೂ ಅದನ್ನು ಹೇಳಲಿಲ್ಲ. ಅದರ ಮುಂದಿನ ವಾರದಿಂದ ಅವರು ಹೋಗಲಿಲ್ಲ.

ಈಗ ಮನೆಯಲ್ಲೇ ಬರೆಯುತ್ತಾರೆ. ಬೆಳಿಗ್ಗೆ ಡಾಕ್ಟರು ಕೊಟ್ಟ ಕಾರ್ಡು ನೋಡುತ್ತಾರೆ. ಆಮೇಲೆ ಒಂದು ಚಿತ್ರ. ಬಾಗಿಲು, ಪೆಟ್ಟಿಗೆ, ಹೊಲಿಗೆ ಯಂತ್ರ. ಕಾರ್ಡಿನ ಮೇಲೆ ಅವರಿಗೆ ಪೂರ್ತಿ ನಂಬಿಕೆ ಇಲ್ಲ. ಕೆಟ್ಟ ಕಣ್ಣೇ ಕೆಟ್ಟ ಕಣ್ಣನ್ನು ಹೇಗೆ ಹಿಡಿಯುತ್ತದೆ ಎಂದು ವಾದಿಸುತ್ತಾರೆ. ಹಾಗಾಗಿ ಚಿತ್ರ ಅರ್ಧ ಆದ ಮೇಲೆ ಅದನ್ನು ಅಕ್ಕನ ಮುಂದೆ ನಾಲ್ಕು ಹೆಜ್ಜೆ ದೂರದಲ್ಲಿ ಹಿಡಿಯುತ್ತಾರೆ. ಅಕ್ಕನಿಗೆ ದೂರದ್ದು ಚೆನ್ನಾಗಿ ಕಾಣುತ್ತದೆ. ಅವಳು ಯಂತ್ರದ ಪಕ್ಕದಿಂದ ಕತ್ತು ಹೊರಳಿಸಿ, ಪ್ಯಾಂಟಿನ ಹೊಲಿಗೆ ನೋಡುವ ಹಾಗೆ ಮೇಲಿಂದ ಕೆಳಗೆ ಒಂದು ಸಲ ಕಣ್ಣು ಹಾಯಿಸುತ್ತಾಳೆ. ಅವಳಿಗೆ ಸಂಕೋಚ ಇಲ್ಲ, ಅವರನ್ನು ಸಮಾಧಾನ ಮಾಡುವ ಉಮೇದೂ ಇಲ್ಲ.

ಮೊನ್ನೆ ಅವರು ಅವಳದೇ ಯಂತ್ರದ ಚಿತ್ರ ಹಿಡಿದು ನಿಂತಿದ್ದರು. ಬಾಬಿನ್ನು, ಸೂಜಿ, ದಾರದ ಹಾದಿ, ಕಾಲಡಿಯ ಹಲಗೆ ಎಲ್ಲ ಬಂದಿತ್ತು.

"ನೇರವಾಗಿದೆ," ಎಂದಳು ಅಕ್ಕ.

"ಎಲ್ಲಾ?"

"ಎಲ್ಲಾ ನೇರವಾಗಿದೆ. ಕಣ್ಣಿಗೆ ಏನೂ ಆಗಿಲ್ಲ, ಹೋಗು."

ಅವರು ಹೋಗಲಿಲ್ಲ. ಕಾಗದ ಹಿಡಿದುಕೊಂಡೇ ನಿಂತಿದ್ದರು. "ಮತ್ತೇನಾದರೂ ಕಾಣುತ್ತಾ?"

ಅಕ್ಕ ಯಂತ್ರ ನಿಲ್ಲಿಸಿ, ಕನ್ನಡಕ ಹಣೆಗೇರಿಸಿ, ಇನ್ನೊಂದು ಸಲ ನೋಡಿದಳು. ಈ ಸಲ ನಿಧಾನವಾಗಿ ನೋಡಿದಳು. ತಮ್ಮ ಕೇಳುತ್ತಿರುವುದು ಬೇರೇನೋ ಎಂದು ಅವಳಿಗೆ ತಿಳಿಯಿತು. ಅದು ಏನೆಂದು ಮಾತ್ರ ಅವಳಿಗೆ ಹೇಳಲು ಬರಲಿಲ್ಲ.

"ನಂಗೆ ಇಷ್ಟೇ ಗೊತ್ತಾಗೋದು," ಎಂದಳು.

"ಸರಿ," ಎಂದು ಅವರು ಕಾಗದವನ್ನು ಮೇಜಿನ ಮೇಲೆ ಹರಡಿ, ಕುರ್ಚಿ ಎಳೆದುಕೊಂಡು, ಉಳಿದರ್ಧ ಬರೆಯಲು ಕೂತರು.